ಉಬ್ಬಸಕ್ಕೆ ಕೊಟ್ಟ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದಲೇ ಅಲರ್ಜಿ ಆಗುತ್ತಾ?

ಕಾಫಿತೋಟ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಚಿಕ್ಕಂದಿನಿಂದ ಉಬ್ಬಸ ಇದೆ. ಹೋದ ತಿಂಗಳು ರಾತ್ರಿ ದಮ್ಮು ಕಟ್ಟಿತು. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೆಬ್ಯುಲೈಸರ್ ಹಾಕಿದ ಮೇಲೆ ಸ್ವಲ್ಪ ಹಗುರ ಆಯಿತು. ಆಮೇಲೆ ನರಕ್ಕೆ ಹೈಡ್ರೋಕಾರ್ಟಿಸೋನ್ ಕೊಟ್ಟರು. ಕೊಟ್ಟು ಐದು ನಿಮಿಷವೂ ಆಗಿರಲಿಲ್ಲ. ಅಂಗೈ ತುರಿಸತೊಡಗಿತು, ಎದೆ ಮೇಲೆ ಗಂಧೆ ಎದ್ದವು, ತುಟಿ ಊದಿತು. ದಮ್ಮು ಮೊದಲಿಗಿಂತ ಜೋರಾಯಿತು. ಉಬ್ಬಸ ಕೆರಳಿದೆ ಅಂತ ಅದೇ ಇಂಜೆಕ್ಷನ್ ಇನ್ನೊಂದು ಕೊಟ್ಟರು. ಬಿಪಿ ಬಿದ್ದೇ ಹೋಯಿತು. ಹಿರಿಯ ಡಾಕ್ಟರ್ ಓಡಿ ಬಂದು ಅಡ್ರಿನಲಿನ್ ಕೊಟ್ಟ ಮೇಲೆ ಉಸಿರು ತಿರುಗಿತು.

ಡಿಸ್ಚಾರ್ಜ್ ಚೀಟಿಯಲ್ಲಿ ‘ಸ್ಟೀರಾಯ್ಡ್ ಅಲರ್ಜಿ’ ಅಂತ ಬರೆದು ಕಳಿಸಿದ್ದಾರೆ. ಅಷ್ಟೇ, ಬೇರೆ ವಿವರ ಇಲ್ಲ. ಇನ್‌ಹೇಲರ್‌ನಲ್ಲೂ ಸ್ಟೀರಾಯ್ಡ್ ಇದೆ ಅಂತ ಅಣ್ಣ ಅದನ್ನೂ ನಿಲ್ಲಿಸಿಬಿಟ್ಟಿದ್ದಾನೆ. ನಿಜವಾಗಿ ಇಂಥದ್ದು ಆಗುತ್ತಾ? ಮುಂದಿನ ಸಲ ದಮ್ಮು ಕಟ್ಟಿದರೆ ಏನು ಕೊಡಿಸೋದು?

ಹಳೇಹುಬ್ಬಳ್ಳಿ

ನನಗೆ ನಂಬೋಕೆ ಆಗ್ತಿಲ್ಲ. ಅಲರ್ಜಿ ಆದರೆ ಕೊಡೋದೇ ಸ್ಟೀರಾಯ್ಡ್ ಅಲ್ವಾ? ಬೆಂಕಿ ಆರಿಸೋ ನೀರೇ ಹೊತ್ತಿಕೊಂಡಿತು ಅಂದ ಹಾಗಾಯಿತು. ಅದೂ ಅಲ್ಲದೆ ಹೈಡ್ರೋಕಾರ್ಟಿಸೋನ್ ನಮ್ಮ ದೇಹವೇ ತಯಾರಿಸುವ ಹಾರ್ಮೋನ್ ಅಂತ ಓದಿದ್ದೇನೆ. ನಮ್ಮದೇ ಹಾರ್ಮೋನ್‌ಗೆ ನಮಗೇ ಅಲರ್ಜಿ ಹೇಗೆ? ಬೇರೆ ಯಾವುದೋ ಔಷಧಿ ಜೊತೆಗೆ ಕೊಟ್ಟಿರಬೇಕು.

ಅರಿವಳಿಕೆ_ವೈದ್ಯೆ

ಆಗುತ್ತದೆ. ಅಪರೂಪ, ಆದರೆ ಆಗುತ್ತದೆ. ಸಾವಿರಕ್ಕೆ ಒಂದರಿಂದ ಐದು ಜನ ಅನ್ನುವ ಅಂದಾಜು ವೈದ್ಯಕೀಯ ಲೇಖನಗಳಲ್ಲಿ ಕಾಣುತ್ತದೆ. ಹೊಸ ವಿಷಯವೂ ಅಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಕೀಲುವಾತದ ರೋಗಿಗೆ ಮೊದಲು ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು, 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಉಬ್ಬಸದವರಿಗೆ ನರದಲ್ಲಿ ಹೈಡ್ರೋಕಾರ್ಟಿಸೋನ್ ಕೊಟ್ಟಾಗ ದಮ್ಮು ಇನ್ನೂ ಹೆಚ್ಚಾದ ವರದಿಗಳು 1970ರ ದಶಕದಲ್ಲೇ ಬಂದಿವೆ.

ಹುಬ್ಬಳ್ಳಿಯವರ ಪ್ರಶ್ನೆ ಚೆನ್ನಾಗಿದೆ. ದೇಹದಲ್ಲಿರುವ ಕಾರ್ಟಿಸಾಲ್ ಮತ್ತು ಬಾಟಲಿಯಲ್ಲಿರುವ ಹೈಡ್ರೋಕಾರ್ಟಿಸೋನ್ ಮೂಲದಲ್ಲಿ ಒಂದೇ. ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ನರಕ್ಕೆ ಕೊಡಬೇಕು ಅಂದರೆ ಕರಗಲೇಬೇಕು. ಅದಕ್ಕೆ ಸಕ್ಸಿನೇಟ್ ಅನ್ನುವ ಬಾಲ ಜೋಡಿಸುತ್ತಾರೆ. ಬಾಟಲಿ ಮೇಲೆ ‘ಹೈಡ್ರೋಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್’ ಅಂತಲೇ ಇರುತ್ತದೆ. ಮೀಥೈಲ್‌ಪ್ರೆಡ್ನಿಸೊಲೋನ್ ಇಂಜೆಕ್ಷನ್‌ನಲ್ಲೂ ಅದೇ ಬಾಲ. ತಕ್ಷಣದ ಅಲರ್ಜಿ ವರದಿಗಳಲ್ಲಿ ಈ ಎರಡರ ಹೆಸರೇ ಜಾಸ್ತಿ. ಹೀಗೆ ಜೋಡಿಸಿದ ಔಷಧಿ ರಕ್ತದ ಪ್ರೋಟೀನ್‌ಗೆ ಅಂಟಿಕೊಂಡಾಗ ಕೆಲವರ ದೇಹ ಅದನ್ನು ಪರಕೀಯ ಅಂತ ಗುರುತಿಸುತ್ತದೆ.

ಇದರಿಂದ ಒಂದು ಒಳ್ಳೆಯ ಸುದ್ದಿಯೂ ಇದೆ. ಸಕ್ಸಿನೇಟ್‌ಗೆ ಅಲರ್ಜಿ ಆದ ಎಷ್ಟೋ ಜನರಿಗೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಒಗ್ಗುತ್ತವೆ, ಅವುಗಳಲ್ಲಿ ಇರುವುದು ಫಾಸ್ಫೇಟ್ ಬಾಲ. ಮಾತ್ರೆಯಲ್ಲಿ ಬಾಲವೇ ಬೇಕಿಲ್ಲ, ಹಾಗಾಗಿ ಪ್ರೆಡ್ನಿಸೊಲೋನ್ ಮಾತ್ರೆಯೂ ಹಲವರಿಗೆ ಒಗ್ಗುತ್ತದೆ. ಎಲ್ಲರಿಗೂ ಅಲ್ಲ. ಮೂಲ ಔಷಧಿಗೇ ಅಲರ್ಜಿ ಇರುವವರೂ ಇದ್ದಾರೆ, ಅವರಿಗೆ ಅದರ ನೆಂಟರೂ ಆಗುವುದಿಲ್ಲ. ಅದಕ್ಕೇ ಪರೀಕ್ಷೆ ಬೇಕು. ‘ಸ್ಟೀರಾಯ್ಡ್ ಅಲರ್ಜಿ’ ಅಂತ ಎರಡು ಪದ ಗೀಚಿ ಕಳಿಸುವುದು ರೋಗಿಗೆ ಮಾಡುವ ಅನ್ಯಾಯ. ತೀವ್ರ ಉಬ್ಬಸದಲ್ಲಿ ಜೀವ ಉಳಿಸುವ ಔಷಧಿಯ ಇಡೀ ವಂಶವನ್ನೇ ಅವನಿಗೆ ಮುಚ್ಚಿದ ಹಾಗೆ.

ಅಣ್ಣನ ಇನ್‌ಹೇಲರ್ ವಿಷಯ ತುರ್ತು. ನಾಳೆಯೇ ಅವರ ಶ್ವಾಸಕೋಶದ ಡಾಕ್ಟರನ್ನು ಕಂಡು ಮಾತಾಡಿ. ವರ್ಷಗಟ್ಟಲೆ ಏನೂ ತೊಂದರೆ ಇಲ್ಲದೆ ಎಳೆದ ಇನ್‌ಹೇಲರ್‌ನ್ನು ಬೇರೆ ಇಂಜೆಕ್ಷನ್‌ನ ಕಾರಣಕ್ಕೆ ಸುಮ್ನೆ ನಿಲ್ಲಿಸಿದರೆ ಅಲರ್ಜಿಗಿಂತ ಉಬ್ಬಸವೇ ಅಪಾಯ. ಜಗತ್ತಿನಲ್ಲಿ ಉಬ್ಬಸದಿಂದ ಸಾಯುವವರಲ್ಲಿ ಶೇಕಡಾ 40ಕ್ಕಿಂತ ಜಾಸ್ತಿ ಜನ ನಮ್ಮ ದೇಶದವರೇ. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ಸ್ಟೀರಾಯ್ಡ್ ಇನ್‌ಹೇಲರ್ ತೆಗೆದುಕೊಳ್ಳದೇ ಇರುವುದು.

ಕಾಫಿತೋಟ

ಡಾಕ್ಟರೇ, ತುಂಬಾ ಥ್ಯಾಂಕ್ಸ್. ನಾಳೆಯೇ ಹೋಗುತ್ತೇವೆ. ಒಂದು ಸಂಶಯ. ಅಡ್ರಿನಲಿನ್ ಕೊಡೋಕೆ ಅಲ್ಲಿದ್ದವರು ಹೆದರಿದ ಹಾಗೆ ಕಂಡಿತು. ‘ಹಾರ್ಟಿಗೆ ತೊಂದರೆ ಆಗುತ್ತೆ’ ಅಂತ ಮಾತಾಡಿಕೊಂಡರು.

ಅರಿವಳಿಕೆ_ವೈದ್ಯೆ

ಆ ಹೆದರಿಕೆ ಎಲ್ಲಾ ಕಡೆ ಇದೆ. ಅದರಿಂದಲೇ ತಡವಾಗುತ್ತದೆ. ತೊಡೆಯ ಹೊರಭಾಗದ ಸ್ನಾಯುವಿಗೆ, ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ಅಂದರೆ ಒಂದು ಮಿಲಿಲೀಟರ್ ಆಂಪ್ಯೂಲ್‌ನ ಅರ್ಧ. ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಮತ್ತೆ. ಹೃದಯಕ್ಕೆ ಅಪಾಯ ಆಗುವುದು ಬಹುಮಟ್ಟಿಗೆ ಅದನ್ನು ಅಳತೆ ತಪ್ಪಿ ನರಕ್ಕೆ ತಳ್ಳಿದಾಗ.

ಉಬ್ಬಸದವರ ವಿಷಯದಲ್ಲಿ ಇನ್ನೊಂದು ಮಾತು. ಇಂಜೆಕ್ಷನ್ ಆದ ಮೇಲೆ ದಮ್ಮು ಹೆಚ್ಚಾದರೆ ಅದು ಉಬ್ಬಸವೋ ಅಲರ್ಜಿಯೋ ಅಂತ ಹೇಳುವುದು ಕಷ್ಟ. ಕೆಲವರಿಗೆ ಗಂಧೆಯೇ ಏಳುವುದಿಲ್ಲ. ಆದರೆ ಅಡ್ರಿನಲಿನ್ ಶ್ವಾಸನಾಳವನ್ನೂ ಸಡಿಲಿಸುತ್ತದೆ. ಹಾಗಾಗಿ ಅನುಮಾನ ಬಂದಾಗ ಕೊಟ್ಟರೆ ನಷ್ಟ ಕಡಿಮೆ, ಕೊಡದಿದ್ದರೆ ನಷ್ಟ ದೊಡ್ಡದು. ಹೊಸ ಔಷಧಿ ಕೊಟ್ಟ ಕೆಲವೇ ನಿಮಿಷಕ್ಕೆ ದಮ್ಮು ಜೋರಾಯಿತಾ, ಬಿಪಿ ಬಿತ್ತಾ, ಹೊಟ್ಟೆ ಹಿಂಡಿತಾ, ಮೈ ಕೆಂಪಾಯಿತಾ ಅಂತ ನೋಡಬೇಕು. ಎರಡನೇ ಡೋಸ್ ಕೊಡುವ ಮೊದಲು ಈ ಪ್ರಶ್ನೆ ಕೇಳಿಕೊಂಡಿದ್ದರೆ ನಿಮ್ಮ ಅಣ್ಣನ ಬಿಪಿ ಬೀಳುತ್ತಿರಲಿಲ್ಲವೇನೋ.

ಲೀಡ್ಸ್_ನರ್ಸ್

ನಾನು ಇಂಗ್ಲೆಂಡಿನಲ್ಲಿ ನರ್ಸ್, ಮೂಲ ದಾವಣಗೆರೆ. ನಮ್ಮೂರಲ್ಲಿ ಕೆಲಸ ಮಾಡುವಾಗ ಯಾರಿಗೆ ಅಲರ್ಜಿ ಆದರೂ ‘ಅವಿಲ್, ಎಫ್ಕಾರ್ಲಿನ್ ಹಾಕು’ ಅನ್ನುವುದೇ ಮಂತ್ರ ಆಗಿತ್ತು. ಎಫ್ಕಾರ್ಲಿನ್ ಅಂದರೆ ಇದೇ ಹೈಡ್ರೋಕಾರ್ಟಿಸೋನ್ ಸಕ್ಸಿನೇಟ್. ಯೋಚನೆ ಮಾಡಿ, ಅದಕ್ಕೇ ಅಲರ್ಜಿ ಆದವನಿಗೆ ಚಿಕಿತ್ಸೆ ಅಂತ ಮತ್ತೆ ಅದನ್ನೇ ಕೊಡುತ್ತೇವೆ! ಅಣ್ಣನಿಗೆ ಆಗಿದ್ದೂ ಹೆಚ್ಚುಕಡಿಮೆ ಅದೇ.

ಇಲ್ಲಿನ ರಿಸಸಿಟೇಷನ್ ಕೌನ್ಸಿಲ್ 2021ರಲ್ಲಿ ಮಾರ್ಗಸೂಚಿ ಬದಲಿಸಿತು. ಅನಾಫಿಲಾಕ್ಸಿಸ್‌ಗೆ, ಅಂದರೆ ಪ್ರಾಣಕ್ಕೇ ಬರುವ ತೀವ್ರ ಅಲರ್ಜಿಗೆ, ಸ್ಟೀರಾಯ್ಡ್ ಈಗ ಮಾಮೂಲು ಚಿಕಿತ್ಸೆ ಅಲ್ಲ. ಅಡ್ರಿನಲಿನ್ ಮೊದಲು, ಆಮ್ಲಜನಕ, ಸಲೈನ್. ರೋಗಿಯನ್ನು ಕಾಲು ಮೇಲೆತ್ತಿ ಮಲಗಿಸುವುದು. ಉಸಿರಾಟಕ್ಕೆ ಕಷ್ಟ ಇದ್ದರೆ ಕೂರಿಸಬಹುದು, ಆದರೆ ಎಬ್ಬಿಸಿ ನಡೆಸಬಾರದು. ನಮ್ಮ ಕಡೆ ‘ಸ್ವಲ್ಪ ಓಡಾಡಿಸಿ, ಗಾಳಿ ಸಿಗುತ್ತೆ’ ಅನ್ನುವವರು ಜಾಸ್ತಿ. ಬಿಪಿ ಬಿದ್ದವನನ್ನು ಎಬ್ಬಿಸಿ ನಿಲ್ಲಿಸಿದರೆ ಹೃದಯ ನಿಂತುಹೋಗಬಹುದು.

ಇನ್ನು ಅಲರ್ಜಿ ಅಲ್ಲದ್ದನ್ನೂ ಹೇಳಿಬಿಡುತ್ತೇನೆ, ನಾಚಿಕೆ ಬಿಟ್ಟು. ಡೆಕ್ಸಾಮೆಥಾಸೋನ್ ನರಕ್ಕೆ ಜೋರಾಗಿ ತಳ್ಳಿದರೆ ಗುಪ್ತಾಂಗದ ಹತ್ತಿರ ಮುಳ್ಳು ಚುಚ್ಚಿದ ಹಾಗೆ ಉರಿ, ತುರಿಕೆ ಬರುತ್ತದೆ. ಪಾಪ, ರೋಗಿಗಳು ಗಾಬರಿ ಆಗಿ ಎದ್ದು ಕೂರುತ್ತಾರೆ, ಏನಾಯಿತು ಅಂತ ಹೇಳುವುದಕ್ಕೂ ಸಂಕೋಚ. ಅದು ಅಲರ್ಜಿ ಅಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಸಲೈನ್‌ನಲ್ಲಿ ಬೆರೆಸಿ ನಿಧಾನವಾಗಿ ಕೊಟ್ಟರೆ ಬರುವುದೂ ಇಲ್ಲ. ಹಾಗೆಯೇ ಇನ್‌ಹೇಲರ್‌ನಿಂದ ಧ್ವನಿ ಒಡೆಯುವುದು, ಬಾಯಲ್ಲಿ ಬಿಳಿ ಅಗ್ರ ಕಟ್ಟುವುದು, ಮಾತ್ರೆಯಿಂದ ನಿದ್ದೆ ಕೆಡುವುದು, ಸಕ್ಕರೆ ಏರುವುದು ಎಲ್ಲವೂ ಅಡ್ಡಪರಿಣಾಮಗಳು. ಅಲರ್ಜಿ ಪಟ್ಟಿಗೆ ಇವನ್ನು ಸೇರಿಸಬೇಡಿ.

ಪೇಟೆಬೀದಿ_ಮಂಗ್ಳೂರು

ನಿಮ್ಮ ಅಣ್ಣನಿಗೆ ಮೂಗಿನಲ್ಲಿ ದುರ್ಮಾಂಸ ಬೆಳೆದಿದೆಯಾ? ತಲೆನೋವಿನ ಮಾತ್ರೆ ತಿಂದರೆ ದಮ್ಮು ಬರುತ್ತಾ?

ಯಾಕೆ ಕೇಳಿದೆ ಅಂದರೆ ನನಗೆ ಎರಡೂ ಇವೆ. ಡಿಸ್ಪ್ರಿನ್, ಬ್ರೂಫೆನ್, ವೋವೆರಾನ್ ಯಾವುದೂ ಆಗುವುದಿಲ್ಲ. ತಿಂದ ಗಂಟೆ, ಎರಡು ಗಂಟೆಯೊಳಗೆ ಮೂಗು ಕಟ್ಟಿ, ಕಣ್ಣು ಕೆಂಪಾಗಿ ದಮ್ಮು ಏಳುತ್ತದೆ. ಉಬ್ಬಸ, ದುರ್ಮಾಂಸ, ಆಸ್ಪಿರಿನ್ ಈ ಮೂರೂ ಸೇರಿದ ಕಾಯಿಲೆಗೆ ಸ್ಯಾಮ್ಟರ್ ತ್ರಿಕೂಟ ಅಂತ ಹೆಸರಿದೆ. ಉಬ್ಬಸ ಇರುವ ದೊಡ್ಡವರಲ್ಲಿ ನೂರಕ್ಕೆ ಏಳು ಜನರಿಗೆ ಆಸ್ಪಿರಿನ್ ಆಗುವುದಿಲ್ಲವಂತೆ. ತೀವ್ರ ಉಬ್ಬಸದವರಲ್ಲಿ ಅದು ಇನ್ನೂ ಜಾಸ್ತಿ.

ದುರ್ಮಾಂಸದ ಆಪರೇಷನ್‌ಗೆ ಹೋದಾಗ ಅರಿವಳಿಕೆ ಡಾಕ್ಟರ್ ‘ಇವರಿಗೆ ಹೈಡ್ರೋಕಾರ್ಟಿಸೋನ್ ಜೋರಾಗಿ ತಳ್ಳಬೇಡಿ’ ಅಂತ ಚೀಟಿಯಲ್ಲೇ ಬರೆದರು. ನಮ್ಮಂಥವರಿಗೆ ಆ ಸಕ್ಸಿನೇಟ್ ಇಂಜೆಕ್ಷನ್ ಕೆಲವೊಮ್ಮೆ ದಮ್ಮು ಎಬ್ಬಿಸುತ್ತದೆ ಅಂತ ವಿವರಿಸಿದರು. ನನಗೆ ಡೆಕ್ಸಾ ಕೊಟ್ಟರು. ಏನೂ ಆಗಲಿಲ್ಲ.

ಅರಿವಳಿಕೆ_ವೈದ್ಯೆ

ಮಂಗಳೂರಿನವರು ಸರಿಯಾದ ಕಡೆ ಬೆರಳಿಟ್ಟಿದ್ದಾರೆ. 1970ರ ದಶಕದ ಆ ವರದಿಗಳಲ್ಲಿ ಆಸ್ಪಿರಿನ್ ಆಗದ ಉಬ್ಬಸದವರೂ ಇದ್ದರು. ಅಂಥವರಿಗೆ ಮಾತ್ರೆ ನುಂಗಲು ಆಗುವ ಸ್ಥಿತಿ ಇದ್ದರೆ ಮಾತ್ರೆಯೇ ಒಳ್ಳೆಯದು. ನಿಜ ಹೇಳಬೇಕೆಂದರೆ ಯಾರಿಗೇ ಆಗಲಿ, ವಾಂತಿ ಇಲ್ಲದೆ ನುಂಗುವ ಶಕ್ತಿ ಇದ್ದರೆ ಪ್ರೆಡ್ನಿಸೊಲೋನ್ ಮಾತ್ರೆ ಇಂಜೆಕ್ಷನ್‌ನಷ್ಟೇ ಕೆಲಸ ಮಾಡುತ್ತದೆ. ಸೂಜಿ ಚುಚ್ಚಿಸಿಕೊಂಡರೆ ಮಾತ್ರ ಚಿಕಿತ್ಸೆ ಅನ್ನುವ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿದೆ. ರೋಗಿಯೂ ಕೇಳುತ್ತಾನೆ, ಕೊಡುವವರೂ ಕೊಡುತ್ತಾರೆ.

ಹಾಲುಬೇಡ_ಅಮ್ಮ

ನನ್ನ ಮಗಳಿಗೆ ಹಸುವಿನ ಹಾಲಿನ ಅಲರ್ಜಿ ಇದೆ, ಜೊತೆಗೆ ಉಬ್ಬಸ. ಒಂದು ಸಲ ದಮ್ಮು ಜೋರಾಗಿ ಮೀಥೈಲ್‌ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟರು. ಹಾಲು ಕುಡಿದರೆ ಆಗುವುದೆಲ್ಲಾ ಆಯಿತು. ಗಂಧೆ, ವಾಂತಿ, ದಮ್ಮು. ಎಲ್ಲರೂ ಕಾಯಿಲೆ ಉಲ್ಬಣ ಆಗಿದೆ ಅಂದುಕೊಂಡರು. ಆಮೇಲೆ ಅಲರ್ಜಿ ಡಾಕ್ಟರ್ ಔಷಧಿ ಜೊತೆಗಿನ ಚೀಟಿ ತರಿಸಿ ಓದಿದರು. ಅದರಲ್ಲಿ ಲ್ಯಾಕ್ಟೋಸ್ ಇತ್ತು!

ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ. ಅದನ್ನು ಹಸುವಿನ ಹಾಲಿನಿಂದಲೇ ತೆಗೆಯುತ್ತಾರೆ. ಹಾಲಿನ ಪ್ರೋಟೀನ್ ಕಣದಷ್ಟು ಉಳಿದುಬಿಡಬಹುದು. ಯುರೋಪಿನ ಔಷಧಿ ಸಂಸ್ಥೆ 2017ರಲ್ಲಿ ಇದನ್ನು ಪರಿಶೀಲಿಸಿತು. ಹಾಲಿನ ಅಲರ್ಜಿ ಇರುವವರಿಗೆ ಲ್ಯಾಕ್ಟೋಸ್ ಇರುವ ಮೀಥೈಲ್‌ಪ್ರೆಡ್ನಿಸೊಲೋನ್ ಇಂಜೆಕ್ಷನ್ ಕೊಡಬಾರದು ಅಂತ ಹೇಳಿತು. ಅಲರ್ಜಿಗೆ ಅಂತ ಕೊಟ್ಟಾಗ ರೋಗಿ ಸುಧಾರಿಸದೆ ಇನ್ನೂ ಹದಗೆಟ್ಟರೆ ಈ ಅನುಮಾನ ಬರಬೇಕು ಅಂತಲೂ ಹೇಳಿತು. ನಮ್ಮ ವಿಷಯದಲ್ಲಿ ಸ್ಟೀರಾಯ್ಡ್ ಪಾಪ ನಿರಪರಾಧಿ. ಮಗಳು ಈಗಲೂ ಲ್ಯಾಕ್ಟೋಸ್ ಇಲ್ಲದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಾಳೆ.

ಹಳೇಹುಬ್ಬಳ್ಳಿ

ಹಾಲು ಕುಡಿದರೆ ನನಗೂ ಹೊಟ್ಟೆ ಉಬ್ಬರ. ಹಾಗಾದರೆ ನನಗೂ ಆ ಇಂಜೆಕ್ಷನ್ ಬೇಡವಾ?

ಹಾಲುಬೇಡ_ಅಮ್ಮ

ಇಲ್ಲ ಇಲ್ಲ, ಅದು ಬೇರೆ. ನಿಮ್ಮದು ಹಾಲಿನ ಸಕ್ಕರೆ ಜೀರ್ಣ ಆಗದಿರುವುದು. ಇಂಜೆಕ್ಷನ್‌ನಲ್ಲಿರುವ ಅಷ್ಟು ಸ್ವಲ್ಪಕ್ಕೆ ಏನೂ ಆಗುವುದಿಲ್ಲ. ಅಪಾಯ ಇರುವುದು ಹಾಲಿನ ಪ್ರೋಟೀನ್‌ಗೆ ಅಲರ್ಜಿ ಇರುವವರಿಗೆ ಮಾತ್ರ.

ಮೆಡಿಕಲ್‌ಶಾಪ್_ಹಾಸನ

ಅಂಗಡಿ ಗಲ್ಲಾದಲ್ಲಿ ಕೂತು ಇದನ್ನೆಲ್ಲಾ ಓದುತ್ತಿದ್ದೇನೆ. ನನಗೆ ಗೊತ್ತಿರುವುದನ್ನು ಸೇರಿಸುತ್ತೇನೆ.

ಪುಡಿ ಇನ್‌ಹೇಲರ್‌ಗಳಲ್ಲೂ ಲ್ಯಾಕ್ಟೋಸ್ ಇರುತ್ತದೆ. ರೋಟಾಕ್ಯಾಪ್ ಬಿಚ್ಚಿದರೆ ಕಾಣುವ ಬಿಳಿ ಪುಡಿಯಲ್ಲಿ ಹೆಚ್ಚಿನ ಪಾಲು ಅದೇ, ಔಷಧಿ ಚೂರೇ ಚೂರು. ಹಾಲಿನ ಅಲರ್ಜಿ ಇರುವ ಬಹುಪಾಲು ಜನರಿಗೆ ಇದರಿಂದ ಏನೂ ಆಗುವುದಿಲ್ಲ, ಆದರೆ ತೀವ್ರ ಅಲರ್ಜಿ ಇದ್ದವರಿಗೆ ಆದ ವರದಿಗಳಿವೆ. ಅಂಥವರು ಡಾಕ್ಟರನ್ನು ಕೇಳಿ ಪಂಪ್ ಇನ್‌ಹೇಲರ್‌ಗೆ ಬದಲಾಯಿಸಬಹುದು. ಅದರಲ್ಲಿ ಲ್ಯಾಕ್ಟೋಸ್ ಇರುವುದಿಲ್ಲ. ಜೊತೆಗೆ ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಇಟ್ಟುಕೊಂಡರೆ ಔಷಧಿ ಗಂಟಲಿಗೆ ಅಂಟುವುದೂ ಕಡಿಮೆ.

ಕೀಲಿಗೆ ಹಾಕುವ ಡಿಪೋ ಇಂಜೆಕ್ಷನ್‌ಗಳ ಕಥೆ ಬೇರೆ. ಮೀಥೈಲ್‌ಪ್ರೆಡ್ನಿಸೊಲೋನ್ ಅಸಿಟೇಟ್‌ನಲ್ಲಿ ಮ್ಯಾಕ್ರೋಗಾಲ್ ಇರುತ್ತದೆ. ಟ್ರಯಾಮ್ಸಿನೋಲೋನ್‌ನಲ್ಲಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಪಾಲಿಸಾರ್ಬೇಟ್ 80 ಇರುತ್ತವೆ. ಇವಕ್ಕೂ ಅಲರ್ಜಿ ಆದವರಿದ್ದಾರೆ. ಮ್ಯಾಕ್ರೋಗಾಲ್ ಅಲರ್ಜಿ ಇದ್ದವರಿಗೆ ಮಂಡಿ ಇಂಜೆಕ್ಷನ್ ಆಗುವುದಿಲ್ಲ, ಕೊಲೊನೋಸ್ಕೋಪಿಗೆ ಮುಂಚೆ ಕುಡಿಸುವ ಭೇದಿ ಪುಡಿಯೂ ಆಗುವುದಿಲ್ಲ. ಎರಡೂ ಸೇರಿಸಿ ನೋಡದಿದ್ದರೆ ಕಾರಣ ತಿಳಿಯುವುದೇ ಇಲ್ಲ.

ದಯವಿಟ್ಟು ಖಾಲಿ ಬಾಟಲಿ, ಪೆಟ್ಟಿಗೆ, ಒಳಗಿನ ಚೀಟಿ ಎಸೆಯಬೇಡಿ. ಒಂದೇ ಔಷಧಿ ಹತ್ತು ಕಂಪನಿಯಿಂದ ಬರುತ್ತದೆ, ಒಳಗಿನ ಪೂರಕ ವಸ್ತು ಬೇರೆ ಬೇರೆ ಇರುತ್ತದೆ. ನಾನು ಗಿರಾಕಿಗೆ ಬ್ರ್ಯಾಂಡ್ ಬದಲಿಸಿ ಕೊಡುವಾಗ ಈ ವ್ಯತ್ಯಾಸ ನನ್ನ ಕಣ್ಣಿಗೂ ಬೀಳುವುದಿಲ್ಲ, ಬಿಲ್ಲಿನಲ್ಲಂತೂ ಇರುವುದೇ ಇಲ್ಲ.

ಪ್ರಕೃತಿಯೇ_ದೇವರು

ಇದಕ್ಕೇ ಹೇಳೋದು ಸ್ಟೀರಾಯ್ಡ್ ವಿಷ ಅಂತ. ಎಲ್ಲಾ ಬಿಟ್ಟುಬಿಡಿ. ನಮ್ಮೂರ ಹತ್ತಿರ ಒಬ್ಬರು ಉಬ್ಬಸಕ್ಕೆ ಪುಡಿ ಕೊಡುತ್ತಾರೆ, ಮೂರೇ ದಿನಕ್ಕೆ ಗುಣ. ಮೆಸೇಜ್ ಮಾಡಿದರೆ ನಂಬರ್ ಕೊಡುತ್ತೇನೆ.

ಮೆಡಿಕಲ್‌ಶಾಪ್_ಹಾಸನ

ಮೂರೇ ದಿನಕ್ಕೆ ಉಬ್ಬಸ ಇಳಿಸುವ, ಲೇಬಲ್ ಇಲ್ಲದ ಪುಡಿಯಲ್ಲಿ ಏನಿರಬಹುದು ಅಂತ ಒಮ್ಮೆ ಯೋಚಿಸಿ ಸ್ವಾಮಿ. ಇಂಥ ಪುಡಿಗಳನ್ನು ಲ್ಯಾಬ್‌ಗೆ ಕಳಿಸಿದಾಗ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಸಿಕ್ಕಿದ್ದು ಎಷ್ಟೋ ಸಲ. ಸ್ಟೀರಾಯ್ಡ್ ಅಲರ್ಜಿ ಇರುವವರಿಗೆ ಅದನ್ನೇ ತಿನ್ನಿಸಿದ ಹಾಗಾಗುತ್ತದೆ.

ನಿರ್ವಾಹಕ

ನಂಬರ್ ಹಂಚುವುದು ಇಲ್ಲಿ ಬೇಡ. ಇನ್ನೊಂದು ಮನವಿ. ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ತಿನ್ನುತ್ತಿರುವವರು ಈ ಚರ್ಚೆ ಓದಿ ತಾವಾಗಿಯೇ ನಿಲ್ಲಿಸಬೇಡಿ. ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ, ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೆ ಬರುತ್ತದೆ.

ಬುಡಕಟ್ಟಿದ_ಮೂಗು

ನನ್ನದು ಸಣ್ಣ ಪ್ರಶ್ನೆ. ಬುಡೆಸೊನೈಡ್ ನೆಬ್ಯುಲೈಸ್ ಮಾಡಿಕೊಂಡ ಮಾರನೇ ದಿನ ಬಾಯಿ, ಮೂಗಿನ ಸುತ್ತ ಕೆಂಪಾಗಿ ಇಸಬಿನ ಥರ ಆಗುತ್ತದೆ. ದಮ್ಮು ಏನೂ ಬರುವುದಿಲ್ಲ. ಇದೂ ಅದೇನಾ?

ಅರಿವಳಿಕೆ_ವೈದ್ಯೆ

ಇದು ತಡವಾಗಿ ಬರುವ ಚರ್ಮದ ಅಲರ್ಜಿ ಇರಬಹುದು, ಬುಡೆಸೊನೈಡ್ ಅದಕ್ಕೆ ಹೆಸರುವಾಸಿ. ಬಿಪಿ ಬೀಳಿಸುವ ಜಾತಿಯದ್ದಲ್ಲ. ಚರ್ಮದ ಡಾಕ್ಟರ್ ಬೆನ್ನಿಗೆ ಪಟ್ಟಿ ಅಂಟಿಸಿ ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಅಲ್ಲಿಯವರೆಗೆ ಮಾಸ್ಕ್ ಬದಲು ಬಾಯಿಗೆ ಇಟ್ಟುಕೊಳ್ಳುವ ಮೌತ್‌ಪೀಸ್ ಬಳಸಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ, ಆದ ಮೇಲೆ ಮುಖ ತೊಳೆದುಕೊಳ್ಳಿ.

ಕಾಫಿತೋಟ

ಬಹಳ ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆ ಮುಗಿಯಿತು. ರಿಯಾಕ್ಷನ್ ಆದ ತಕ್ಷಣ ಚರ್ಮದ ಪರೀಕ್ಷೆ ಮಾಡಿದರೆ ಸರಿಯಾಗಿ ಗೊತ್ತಾಗುವುದಿಲ್ಲವಂತೆ, ನಾಲ್ಕರಿಂದ ಆರು ವಾರ ಬಿಡಬೇಕಂತೆ.

ಅಲರ್ಜಿ ಡಾಕ್ಟರ್ ಮೊದಲು ಕೇಳಿದ್ದೇ ಹಳೆಯ ಚೀಟಿಗಳನ್ನು. ಅಮ್ಮ ಎಲ್ಲವನ್ನೂ ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದರು. ಅಣ್ಣ ಈ ಹಿಂದೆ ವೈಸೋಲೋನ್ (ಪ್ರೆಡ್ನಿಸೊಲೋನ್) ಮಾತ್ರೆ ಹಲವು ಸಲ ತಿಂದಿದ್ದಾನೆ, ಏನೂ ಆಗಿಲ್ಲ. ಮೂಗಿನಲ್ಲಿ ದುರ್ಮಾಂಸ ಇಲ್ಲ, ಬ್ರೂಫೆನ್ ಒಗ್ಗುತ್ತದೆ, ಹಾಲು ಮೊಸರು ಧಾರಾಳವಾಗಿ ತಿನ್ನುತ್ತಾನೆ. ಚರ್ಮದ ಪರೀಕ್ಷೆಯಲ್ಲಿ ಹೈಡ್ರೋಕಾರ್ಟಿಸೋನ್ ಸಕ್ಸಿನೇಟ್‌ಗೂ ಮೀಥೈಲ್‌ಪ್ರೆಡ್ನಿಸೊಲೋನ್ ಸಕ್ಸಿನೇಟ್‌ಗೂ ದದ್ದು ಎದ್ದಿತು. ಡೆಕ್ಸಾಮೆಥಾಸೋನ್‌ಗೆ ಏಳಲಿಲ್ಲ. ಆಮೇಲೆ ಆಸ್ಪತ್ರೆಯಲ್ಲೇ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಡೆಕ್ಸಾವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಕೊಟ್ಟು ನೋಡಿದರು. ಒಗ್ಗಿತು. ಪ್ರೆಡ್ನಿಸೊಲೋನ್ ಮಾತ್ರೆಯನ್ನೂ ಅಲ್ಲೇ ಕೊಟ್ಟು ಖಚಿತ ಮಾಡಿಕೊಂಡರು. ಇನ್‌ಹೇಲರ್ ಅಂತೂ ಮೊದಲ ಭೇಟಿಯಲ್ಲೇ ಮತ್ತೆ ಶುರು ಮಾಡಿಸಿದ್ದರು.

ಈಗ ಅಣ್ಣನ ಪರ್ಸಿನಲ್ಲಿ ಒಂದು ಕಾರ್ಡ್ ಇದೆ. ಯಾವ ಎರಡು ಇಂಜೆಕ್ಷನ್ ಕೊಡಬಾರದು, ಯಾವುದು ಪರೀಕ್ಷೆಯಲ್ಲಿ ಒಗ್ಗಿದೆ, ಎಷ್ಟು ನಿಮಿಷಕ್ಕೆ ಏನಾಗಿತ್ತು, ಅಡ್ರಿನಲಿನ್ ಮೊದಲು ಕೊಡಿ, ಎಲ್ಲಾ ಅದರಲ್ಲಿದೆ. ಫೋನಿನ ಲಾಕ್ ಸ್ಕ್ರೀನ್‌ನಲ್ಲೂ ಹಾಕಿದ್ದೇವೆ.

ಲೀಡ್ಸ್_ನರ್ಸ್

ಓದಿ ಖುಷಿ ಆಯಿತು. ಇದನ್ನು ಓದುತ್ತಿರುವ ಡ್ಯೂಟಿ ಡಾಕ್ಟರ್‌ಗಳಿಗೆ ಒಂದು ಮಾತು. ರಿಯಾಕ್ಷನ್ ಶುರುವಾದ ಒಂದೆರಡು ಗಂಟೆಯಲ್ಲಿ, ತಡವಾದರೂ ನಾಲ್ಕು ಗಂಟೆಯೊಳಗೆ, ಟ್ರಿಪ್ಟೇಸ್ (ತೀವ್ರ ಅಲರ್ಜಿಯಲ್ಲಿ ರಕ್ತದಲ್ಲಿ ಏರುವ ಅಂಶ) ಪರೀಕ್ಷೆಗೆ ರಕ್ತ ತೆಗೆದಿಡಿ. ಪೂರ್ತಿ ಗುಣ ಆದ ಮೇಲೆ, 24 ಗಂಟೆ ಕಳೆದು ಇನ್ನೊಮ್ಮೆ ತೆಗೆಯಿರಿ. ಎರಡನ್ನೂ ಹೋಲಿಸಿದರೆ ಉಬ್ಬಸವೋ ಅನಾಫಿಲಾಕ್ಸಿಸೋ ಅನ್ನುವುದಕ್ಕೆ ಒಳ್ಳೆಯ ಸುಳಿವು ಸಿಗುತ್ತದೆ. ಆದರೆ ಅಡ್ರಿನಲಿನ್‌ಗೆ ಅದರ ವರದಿ ಬರಲಿ ಅಂತ ಕಾಯಬಾರದು.

ಹಳೇಹುಬ್ಬಳ್ಳಿ

ಒಪ್ಪಿದೆ ರೀ, ಆಗುತ್ತದೆ. ಆದರೆ ಇದೆಲ್ಲಾ ದೊಡ್ಡ ಊರಿನ ಮಾತು. ನಮ್ಮ ತಂಗಿ ಇರುವ ಹಳ್ಳಿಯಲ್ಲಿ ಅಲರ್ಜಿ ಡಾಕ್ಟರ್ ಎಲ್ಲಿ ಸಿಗಬೇಕು? ವಿದೇಶದಲ್ಲಿ ಪೆನ್ನಿನ ಥರದ ಅಡ್ರಿನಲಿನ್ ಸಿಗುತ್ತದಂತೆ, ಇಲ್ಲಿ ಅದೂ ಕಷ್ಟ.

ಅರಿವಳಿಕೆ_ವೈದ್ಯೆ

ಪೆನ್ನು ಇಲ್ಲಿ ಸುಲಭವಾಗಿ ಸಿಗುವುದಿಲ್ಲ, ನಿಜ. ಆದರೆ ಅಡ್ರಿನಲಿನ್ ಆಂಪ್ಯೂಲ್ ಅಗ್ಗದ ಔಷಧಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಲೇಬೇಕಾದದ್ದು. ನಿಮ್ಮ ತಂಗಿ ಊರಿನ ಕೇಂದ್ರದಲ್ಲಿ ಇದೆಯಾ ಅಂತ ಆರಾಮಾಗಿರುವಾಗಲೇ ಹೋಗಿ ವಿಚಾರಿಸಿಕೊಳ್ಳಿ. ಹಿಂದೆ ತೀವ್ರ ರಿಯಾಕ್ಷನ್ ಆದವರಿಗೆ ಕೆಲವು ಡಾಕ್ಟರ್‌ಗಳು ಆಂಪ್ಯೂಲ್, ಸಿರಿಂಜ್ ಮನೆಯಲ್ಲಿ ಇಟ್ಟುಕೊಳ್ಳಲು ಹೇಳಿ, ಎಷ್ಟು ಎಳೆಯಬೇಕು, ಎಲ್ಲಿ ಚುಚ್ಚಬೇಕು ಅಂತ ಕಲಿಸುತ್ತಾರೆ. ಕಲಿಯದೆ ಇಟ್ಟುಕೊಳ್ಳಬೇಡಿ. ಕೊಟ್ಟ ಮೇಲೂ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು. ಇಳಿದ ರಿಯಾಕ್ಷನ್ ಕೆಲವು ಗಂಟೆ ಬಿಟ್ಟು ಮತ್ತೆ ಏಳುವುದುಂಟು.

ಪರೀಕ್ಷೆಗೆ ಮೆಡಿಕಲ್ ಕಾಲೇಜಿನ ಶ್ವಾಸಕೋಶ ವಿಭಾಗದಲ್ಲಿ ಮೊದಲು ಕೇಳಿ, ಅವರು ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ. ಅದು ಆಗುವವರೆಗೆ ಕೊಟ್ಟ ಔಷಧಿಯ ಪೂರ್ತಿ ಹೆಸರನ್ನಾದರೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಹಠ ಹಿಡಿದು ಬರೆಸಿಕೊಳ್ಳಿ.

ಮೆಡಿಕಲ್‌ಶಾಪ್_ಹಾಸನ

ಇನ್ನೊಂದು. ಇಂಥ ರಿಯಾಕ್ಷನ್‌ನ್ನು ಸರಕಾರದ ಔಷಧಿ ಸುರಕ್ಷತಾ ಕಾರ್ಯಕ್ರಮಕ್ಕೆ ರೋಗಿಯ ಮನೆಯವರೇ ತಿಳಿಸಬಹುದು, ಡಾಕ್ಟರೇ ಬೇಕಿಲ್ಲ. 2010ರಲ್ಲಿ ಶುರುವಾದ ವ್ಯವಸ್ಥೆ ಇದು. ಉಚಿತ ನಂಬರ್ 1800-180-3024. ಬ್ಯಾಚ್ ನಂಬರ್ ಕೇಳುತ್ತಾರೆ, ಪೆಟ್ಟಿಗೆ ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ.

ಕಾಫಿತೋಟ

ಪೆಟ್ಟಿಗೆ ಇಲ್ಲ, ಆದರೆ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇದೆ. ಸೋಮವಾರ ಫೋನ್ ಮಾಡುತ್ತೇನೆ.